ಕೂಸು ಆರಿಸಿದ ಸ್ಪೀಕರ್

ನನ್ನ ಮೊಮ್ಮಗಳಿಗೆ ಆಗ ಐದು ತಿಂಗಳು. ಶಿಗ್ಲಿಯ ನಮ್ಮ ಮನೆಯಲ್ಲಿ ಬಾಣಂತನ ಮುಗಿಸಿಕೊಂಡು ಮಗಳು ಕೂಸಿನೊಡನೆ ಮುಂಡರಗಿಗೆ, ಗಂಡನ ಮನೆಗೆ ಹೊರಡುವ ದಿನ ಗೊತ್ತಾಗಿತ್ತು. ಕೂಸಿನ ಚೆಲುವಿಕೆ ಬರೆಯಲು ಕುಳಿತರೆ ಇಡೀ ನೋಟ್‌ಬುಕ್ ತುಂಬುತ್ತದೆ. ಹಾಗಾಗಿ ಎರಡೇ ಮಾತು. ನಕ್ಕರೆ ಗಲ್ಲದಲ್ಲಿ ಕುಳಿ ಬೀಳುತ್ತದೆ. ಎರಡೂ ಗಲ್ಲದಲ್ಲಿ ಬೀಳುತ್ತದೆ. ಇರಲಿ, ಮೂರನೆಯದನ್ನೂ ಹೇಳಿಬಿಡುತ್ತೇನೆ: ಮೂಗು ನನ್ನದು. ಬೀಗರು ಏನೇ ಅಂದರೂ ಅದು ನನ್ನದೇ ಮೂಗು.

ಒಂದೇ ಪೇಚು. ಗಾಡಿ ಹತ್ತಿದರೆ ಕೂಸು ಅಳುತ್ತಿತ್ತು. ಅತ್ತು ಅತ್ತು ಉಸಿರು ಹಿಡಿದು ನೀಲಿಗಟ್ಟುತ್ತಿತ್ತು. ಲಕ್ಷ್ಮೇಶ್ವರದ ಡಾಕ್ಟರು, "ಹೆದರಬ್ಯಾಡ್ರಿ, ದೊಡ್ಡಾದಂಗ ಹೋಗತೈತಿ, ಆದ್ರ ಬಹಳ ಅಳಗೊಡಬ್ಯಾಡ್ರಿ" ಎಂದಿದ್ದರು. ಮನೆಯಲ್ಲಿ ಅದು ನನ್ನ ಜೋಗುಳಕ್ಕೆ ತಣ್ಣಗಾಗಿ ಮಲಗುತ್ತಿತ್ತು. ಆದರೆ ಎಮ್ಮೆ ಇಂದೋ ನಾಳೆಯೋ ಈಯುವಂತಿತ್ತು, ಅದನ್ನು ಬಿಟ್ಟು ನಾನು ಅವರೊಡನೆ ಮುಂಡರಗಿಯ ಜೀಪು ಹತ್ತುವಂತಿರಲಿಲ್ಲ. ಮುಂಡರಗಿ ಮುಟ್ಟುವ ತನಕ ಕೂಸನ್ನು ಸುಮ್ಮನಿರಿಸುವವರು ಯಾರು?

ಮಗಳು ಉಪಾಯ ಹೇಳಿದಳು. "ಯವ್ವಾ, ನಿನ್ನ ಹಾಡು ಫೋನಿನ್ಯಾಗ ತುಂಬ್ಕೊಂಡು ಹೋಗ್ತೀನಿ. ಜೀಪಿನ ಗದ್ದಲದಾಗ ಫೋನ್ ಕೇಳಂಗಿಲ್ಲ, ಒಂದು ಸಣ್ಣ ಸ್ಪೀಕರ್ ತಗೊಳ್ಳೂಣು. ಕೈಯಾಗ ಹಿಡ್ಕೊಂಡು ಹೋಗೂವು ಸಿಗ್ತಾವು."

ನಾನು ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕುಂಕುಮ ಹಚ್ಚಿಕೊಂಡು ಫೋನಿನ ಮುಂದೆ ಕುಳಿತೆ. ಮಗಳು ಬಿದ್ದು ಬಿದ್ದು ನಕ್ಕಳು. "ಬರೇ ದನಿ ಹೋಗತೈತವಾ, ಸೀರಿ ಹೋಗಂಗಿಲ್ಲ!" ಹೋಗದಿದ್ದರೆ ಹೋಗದಿರಲಿ, ಹಾಡುವವಳಿಗೆ ಒಂದು ಮರ್ಯಾದೆ ಬೇಡವೇ? ಕದ ಮುಚ್ಚಿಸಿದೆ, ಫ್ಯಾನು ಆರಿಸಿದೆ, ಕೋಳಿಗಳನ್ನು ಹಿತ್ತಲಿಗೆ ಅಟ್ಟಿದೆ. ನನ್ನ ಉಸಿರಿನ ಹೊರತು ಬೇರೇನೂ ಕೇಳದಂತೆ ಮಾಡಿಕೊಂಡು ಹಾಡಿದೆ.

ಮಾರನೆಯ ದಿನ ಎಮ್ಮೆಯನ್ನು ಅರ್ಧ ದಿನದ ಮಟ್ಟಿಗೆ ನೆರೆಮನೆಯವಳಿಗೆ ಒಪ್ಪಿಸಿ ಮೂವರೂ ಗದಗಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಹಾಡಿದೆ. ಹಿಂದಿನ ಸೀಟಿನ ಮುದುಕಪ್ಪ ಗೊರಕೆ ಹೊಡೆದ, ಕೂಸು ಮಾತ್ರ ಕಣ್ಣು ಮುಚ್ಚದೆ ಕೊಸರಾಡಿತು. ಬಸ್ಸಿನ ಗದ್ದಲಕ್ಕೆ ಹೀಗೆ ಎಂದುಕೊಂಡೆ.

ಅಂಗಡಿಯಲ್ಲಿ ಸ್ಪೀಕರುಗಳನ್ನು ಸಾಲಾಗಿ ಜೋಡಿಸಿದ್ದರು. ನಾನು ಬೆರಳು ಮಡಚಿ ಒಂದೊಂದನ್ನೇ ಬಡಿದು, ಕಿವಿಗೊಟ್ಟು ನೋಡಿದೆ. ನಾನು ಗಡಿಗೆ ಆರಿಸುವುದು ಹಾಗೆಯೇ.

"ಯಮ್ಮಾ, ಇವು ಗಡಿಗಿ ಅಲ್ರಿ," ಎಂದ ಅಂಗಡಿಯವ.

"ಗೊತ್ತೈತಿ ತಮ್ಮಾ. ಸೀಳಿದ್ದರ ಗಡಿಗೀನೂ ಹೇಳತೈತಿ, ಇದೂ ಹೇಳತೈತಿ."

ಅವನು ಡೊಳ್ಳಿನಂಥದ್ದೊಂದನ್ನು ಮುಂದಿಟ್ಟು ಯಾವುದೋ ಕುಣಿಯುವ ಹಾಡು ಹಚ್ಚಿದ. "ನೋಡ್ರಿ, ಎದಿ ನಡುಗತೈತಿ!"

ಎದೆ ನಡುಗಿತು. ಕೂಸಿನದೂ ನಡುಗಿ ಅದು ಕಿಟಾರನೆ ಚೀರಿತು.

"ಕೂಸು ಮಲಗಿಸೋದು ಕೊಡಪಾ ಅಂದ್ರ ಹೆಣ ಎಬ್ಬಿಸೋದು ತೋರಿಸ್ತೀಯಲ್ಲ!" ಎಂದೆ.

ಆಮೇಲೆ ಅಂಗೈಯಗಲದ್ದೊಂದನ್ನು ತೆಗೆದ. ಮಗಳು ಅದಕ್ಕೆ ಫೋನು ಜೋಡಿಸಿ ನನ್ನ ಹಾಡು ಹಚ್ಚಿದಳು. ದನಿ ಗಾಜಿನ ಹಾಗೆ ಸ್ವಚ್ಛವಾಗಿತ್ತು. ಗಿರಾಕಿಗಳೆಲ್ಲ ತಿರುಗಿ ನೋಡಿದರು, ನಾನು ಸೆರಗು ಸರಿಮಾಡಿಕೊಂಡೆ. ಕೂಸು ಮೊದಲಿಗಿಂತ ಜೋರಾಗಿ ಅತ್ತಿತು. ಮುಖ ಕೆಂಪಾಗಿ, ತುಟಿ ನಡುಗಿ, ಉಸಿರು ಹಿಡಿಯುವ ಲಕ್ಷಣ ಕಂಡಿತು. ನನ್ನ ಹಾಡು ಅದಕ್ಕೆ ಬೇಡವಾಯಿತೇ?

ಮಗಳು ಗಾಬರಿಯಲ್ಲಿ ಫೋನು ತಡಕಾಡಿ ಒಂದು ವಿಡಿಯೋ ಹಚ್ಚಿದಳು. ಗಂಡನಿಗೆ ಕಳಿಸಲು ನನಗೆ ಗೊತ್ತಿಲ್ಲದಂತೆ ತೆಗೆದದ್ದು. ಅಡಿಗೆಮನೆಯ ಜಂತಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು, ಕೆಳಗೆ ಜೋಳದ ರೊಟ್ಟಿ ಬಡಿಯುತ್ತ ನಾನು. ಧಪ್ ಧಪ್ ಧಪ್, ಜೋ ಜೋ, ನಡುವೆ "ಹಚಾ! ಹಾಲಿಗಿ ಬಾಯಿ ಹಾಕ್ತೀಯಾ?" ಎಂದು ಬೆಕ್ಕಿಗೆ ಬೈಗುಳ.

ಕೂಸು ಅಳು ನಿಲ್ಲಿಸಿ ಅತ್ತ ತಿರುಗಿತು. ಮತ್ತೆ ತುಟಿ ಮುಂದೆ ಬಂತು.

"ಇದರಾಗ ರೊಟ್ಟಿ ಸಪ್ಪಳ ಎಲ್ಲೈತೋ? ಹಪ್ಪಳ ಮುರದಂಗ ಕೇಳತೈತಿ!" ಎಂದೆ ನಾನು. "ಬ್ಯಾರೇದು ತಾ, ಜಲ್ದಿ!"

ಅವನು ಓಡಿಹೋಗಿ ಚೊಂಬಿನಷ್ಟು ದಪ್ಪದ್ದೊಂದನ್ನು ತಂದು ಸಣ್ಣ ದನಿಯಲ್ಲಿ ಹಚ್ಚಿದ. ಧಪ್. ಧಪ್. ಧಪ್. ಥೇಟ್ ನಮ್ಮ ಅಡಿಗೆಮನೆ. ಕೂಸು ಮುಷ್ಟಿಯನ್ನು ಬಾಯಿಗಿಟ್ಟುಕೊಂಡಿತು. ರೆಪ್ಪೆ ಎಳೆಯಿತು. ಬೆಕ್ಕಿಗೆ ಬೈಯುವ ಹೊತ್ತಿಗೆ ನಿದ್ದೆ ಹೋಗಿತ್ತು.

ಐದು ತಿಂಗಳು ಅದು ಮಲಗಿದ್ದು ನನ್ನ ರಾಗಕ್ಕಲ್ಲ, ರೊಟ್ಟಿ ಬಡಿಯುವ ಕೈಗೆ. ಇಳಕಲ್ ಸೀರೆ ದಂಡವಾಯಿತು. ಆದರೂ ಸಂತೋಷ ತಡೆಯಲಾರದೆ ಅಂಗಡಿಯವನ ಗದ್ದ ಹಿಡಿದು ನೆಟಿಗೆ ಮುರಿದೆ.

"ಇದನ್ನ ಕೊಡ್ಲೇನ್ರಿ?" ಅವನು ಪಿಸುಗುಟ್ಟಿದ.

"ಮುಂಡರಗಿ ತನಕ ಚಾರ್ಜ್ ಇರತೈತೇನು?" ನಾನೂ ಪಿಸುಗುಟ್ಟಿದೆ.

"ಹೋಗಿ, ಬಂದು, ಮತ್ತ ಹೋದ್ರೂ ಇರತೈತ್ರಿ."

ಹೊರಡುವ ದಿನ ಮಗಳು ಆ ಚೊಂಬನ್ನು ಜೀಪಿನ ಸರಳಿಗೆ ನೇತುಹಾಕಿದಳು. ಕರೆದೊಯ್ಯಲು ಬಂದಿದ್ದ ಅಳಿಯ ಮುಂದೆ ಡ್ರೈವರನ ಪಕ್ಕ ಕುಳಿತ. ಜೀಪು ತಿರುವು ದಾಟುವ ತನಕ ನನ್ನ ರೊಟ್ಟಿಯ ಸಪ್ಪಳ ನನಗೇ ಕೇಳುತ್ತಿತ್ತು. ಒಳಗೆ ಬಂದು ಫೋನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಒಂದು ತುತ್ತೂ ಇಳಿಯಲಿಲ್ಲ.

ಮುಂಡರಗಿ ಮುಟ್ಟುವ ಹೊತ್ತಿಗಿಂತ ಬಹಳ ಮೊದಲೇ ಫೋನು ಬಂತು.

"ಯವ್ವಾ, ಶಿರಹಟ್ಟ್ಯಾಗ ನಿಂತೀವಿ."

ನಾನು ಎದ್ದು ನಿಂತೆ. "ಯಾಕ? ಕೂಸು ಅತ್ತಿತೇನು? ಉಸಿರು ಹಿಡೀತೇನು?"

"ಕೂಸು ಲಕ್ಷ್ಮೇಶ್ವರ ದಾಟೂದಕ್ಕ ಮಲ್ಕೊಂಡದ್ದು ಇನ್ನೂ ಎದ್ದಿಲ್ಲ. ನಿನ್ನ ಅಳಿಯಾಂದು, ಡ್ರೈವರಂದು ತ್ರಾಸಾಗೇತಿ. ರೊಟ್ಟಿ ಬಡಿಯೋದು ಕೇಳಿ ಕೇಳಿ ಹಸಿವಿ ತಡೀಲಾರದ ಇಬ್ಬರೂ ಖಾನಾವಳಿ ಹೊಕ್ಕಾರ. ನಾಕ್ನಾಕು ರೊಟ್ಟಿ ಆತು, ಇನ್ನೂ ಏಳವಲ್ಲರು!"

ನಾನು ನಕ್ಕೆ, ಅತ್ತೆ, ಯಾವುದು ಮೊದಲು ಎಂದು ನೆನಪಿಲ್ಲ.

"ಹೊಟ್ಟಿ ತುಂಬ ಉಣ್ಣಲಿ ಬಿಡವಾ," ಎಂದೆ. "ನೀ ಮಾತ್ರ ಆ ಸ್ಪೀಕರ್ ಬಂದ್ ಮಾಡಬ್ಯಾಡ."