ಕತ್ತಿ ಹಿಡಿದಾಗ ಮಾತಾಡಬೇಕು

ಕ್ಷೌರದಂಗಡಿಯವನನ್ನು ಗಿರಾಕಿಗಳೆಲ್ಲ ಮೌನಿ ಎಂದೇ ಕರೆಯುತ್ತಿದ್ದರು. ಸಿಡುಕನೇನಲ್ಲ. ಗಂಟಲ ಮೇಲೆ ಕತ್ತಿ ಎಳೆಯುವಾಗ ಅವನ ಉಸಿರು ತಾನಾಗಿ ನಿಲ್ಲುತ್ತಿತ್ತು. ಉಸಿರಿಲ್ಲದ ಬಾಯಲ್ಲಿ ಮಾತೆಲ್ಲಿಂದ ಬರಬೇಕು? ಆ ಕೈಯಿಂದ ಯಾರಿಗೂ ಒಂದು ಗೀರು ಬಿದ್ದಿರಲಿಲ್ಲ.

ಕ್ಯಾನ್ಸರ್ ಎಂದು ಅವನ ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆದರು. ರೋಗ ಹೋಯಿತು, ಡಾಕ್ಟರು ಬೆನ್ನು ತಟ್ಟಿದರು. ಆದರೆ ಮೂತ್ರಕ್ಕೆಂದು ಹಾಕಿದ್ದ ನಳಿಕೆ ತೆಗೆದ ಮೇಲೆ ಮೂತ್ರ ಅವನ ಹಿಡಿತಕ್ಕೆ ಬರಲಿಲ್ಲ. ಕೆಮ್ಮಿದರೆ, ಎದ್ದರೆ, ಬಗ್ಗಿದರೆ ತೊಟ್ಟಿಕ್ಕುತ್ತಿತ್ತು. ಒಳಗೆ ಪ್ಯಾಡ್ ಇತ್ತು, ನಿಜ. ಆದರೆ ಅವನದು ಕನ್ನಡಿಗಳ ನಡುವೆ ನಿಂತು ಮಾಡುವ ಕೆಲಸ. ಹಿಂದೆ ಮುಂದೆ ಎಲ್ಲವೂ ಕಾಣುತ್ತದೆ. ಅಂಗಡಿ ತೆರೆಯುವ ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಫಿಸಿಯೋ ಮೇಡಂ ಮಗಳ ವಯಸ್ಸಿನವಳು. ಅವನನ್ನು ಮಲಗಿಸಿ, "ನಾಲ್ಕು ಜನರ ಮಧ್ಯೆ ಗಾಳಿ ತಡೀತೀರಲ್ಲ ಅಂಕಲ್, ಆ ಸ್ನಾಯು. ಅದನ್ನ ಒಳಕ್ಕೆ, ಮೇಲಕ್ಕೆ ಎಳೀರಿ" ಎಂದಳು.

ಅವನು ನಾಚಿ, ಗೋಡೆ ನೋಡುತ್ತ ಎಳೆದ. ದವಡೆ ಬಿಗಿಯಿತು, ತೊಡೆ ಬಿಗಿಯಿತು, ಕಾಲ್ಬೆರಳುಗಳೂ ಮಡಚಿಕೊಂಡವು.

"ಎಲ್ಲಾ ಬಿಗಿ ಆಯ್ತು, ಅದೊಂದು ಬಿಟ್ಟು. ಉಸಿರೆಲ್ಲಿ ಹೋಯ್ತು ಅಂಕಲ್?"

"ಅದು ಹಾಗೇ ನಿಂತುಹೋಗುತ್ತೆ ತಾಯಿ."

"ಉಸಿರು ಕಟ್ಟಿದ್ರೆ ಒತ್ತಡ ಕೆಳಗೇ ಬೀಳುತ್ತೆ. ಬಿಗಿ ಹಿಡಿದಾಗ ಮಾತಾಡಿ. ಮಾತು ಬಂದ್ರೆ ಉಸಿರಿದೆ ಅಂತ ಅರ್ಥ."

"ಏನು ಮಾತಾಡ್ಲಿ?"

"ಏನಾದ್ರೂ."

ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಮನೆಯಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತು ಅಭ್ಯಾಸ ಮಾಡಿದ. ಮಾತಾಡಿದರೆ ಸ್ನಾಯು ಮರೆತುಹೋಗುತ್ತಿತ್ತು, ಸ್ನಾಯು ಹಿಡಿದರೆ ಮಾತು. ಹಿಡಿದದ್ದು ಅದನ್ನೋ, ಪಕ್ಕದ್ದನ್ನೋ, ಬರೀ ಭ್ರಮೆಯೋ ತಿಳಿಯುತ್ತಿರಲಿಲ್ಲ.

"ರೀ, ಸಿಕ್ತಾ?" ಅಡುಗೆಮನೆಯಿಂದ ಹೆಂಡತಿ ಕೇಳುವಳು, ಕಳೆದುಹೋದ ಬೀಗದ ಕೈ ವಿಚಾರಿಸಿದಂತೆ.

"ಸಿಕ್ಕಿದ ಹಾಗಿತ್ತು ಕಣೇ. ನೀನು ಕೇಳಿದೆ, ಹೋಯ್ತು."

"ಸರಿ, ಅದನ್ನೂ ನನ್ನ ತಲೆಗೇ ಕಟ್ಟಿ!"

ವಾರಗಳು ಕಳೆದಂತೆ ಪ್ಯಾಡ್ ಮೊದಲಿನಷ್ಟು ತೋಯುತ್ತಿರಲಿಲ್ಲ. ಯಾಕೆಂದು ಅವನಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಹೆಂಡತಿಯೇ ಬಂದು ಅಂಗಡಿಯ ಷಟರ್ ಎತ್ತಿಕೊಟ್ಟಳು.

ಮೊದಲು ಬಂದವರು ಹಳೇ ಗಿರಾಕಿ, ನಿವೃತ್ತ ಮೇಷ್ಟ್ರು. ನೊರೆ ಹಚ್ಚಿ, ಗದ್ದ ಎತ್ತಿ, ಕತ್ತಿ ಇಟ್ಟ. ಉಸಿರು ನಿಂತಿತು. ಕೆಳಗೆ ಬೆಚ್ಚಗೆ ಒಂದು ಹನಿ. ಗಾಬರಿಯಿಂದ ಕೈ ನಿಲ್ಲಿಸಿ, ಬಿಗಿ ಹಿಡಿದು, ಬಾಯಿಗೆ ಬಂದದ್ದನ್ನು ಹೇಳಿದ: "ನಮ್ಮನೆ ಬೆಕ್ಕು ಮರಿ ಹಾಕಿದೆ."

ಮೇಷ್ಟ್ರು ಹೌಹಾರಿದರು. "ಏನಯ್ಯಾ, ಕುಯ್ದುಬಿಟ್ಟೆಯಾ?"

"ಇಲ್ಲ ಸಾರ್, ಬೆಕ್ಕಿನ ವಿಷಯ."

"ಕತ್ತಿ ನನ್ನ ಗಂಟಲ ಮೇಲಿದೆ, ನಿನಗೆ ಬೆಕ್ಕಿನ ವಿಷಯ!"

ಅವನು ಬಿಡಲಿಲ್ಲ. ಒಂದು ಮರಿ ಕಪ್ಪು, ಒಂದು ಬಿಳಿ, ಇನ್ನೊಂದು ಯಾವ ಬಣ್ಣವೆಂದು ಹೇಳಲು ಬಾರದ್ದು. ಮಾತಿನ ಜೊತೆಗೇ ಕತ್ತಿ ಇಳಿಯಿತು. ಉಸಿರಾಡುತ್ತಲೇ ಕೆಲಸ ಮಾಡುತ್ತಿರುವ ಆ ಕೈ ತನ್ನದೋ ಬೇರೆಯವರದೋ ಎಂದು ಅವನಿಗೇ ಅನುಮಾನ. ಗೀರು ಬೀಳಲಿಲ್ಲ. ಇನ್ನೊಂದು ಹನಿಯೂ ಬೀಳಲಿಲ್ಲ.

ಮೇಷ್ಟ್ರು ಗದ್ದ ಸವರಿಕೊಂಡು ಎದ್ದರು. "ಇಷ್ಟು ವರ್ಷ ಈ ಮಾತೆಲ್ಲ ಎಲ್ಲಿಟ್ಕೊಂಡಿದ್ದೆಯೋ ಮಹಾರಾಯ?"

"ಗೊತ್ತಿಲ್ಲ ಸಾರ್."

ಆ ಸ್ನಾಯು ಎಲ್ಲಿದೆ ಎಂಬುದೂ ಅವನಿಗಿನ್ನೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮುಂದಿನ ಗಿರಾಕಿ ಕೂತು ಕತ್ತು ಒಡ್ಡಿದ. ಬೆಕ್ಕಿನ ಕತೆ ಮುಗಿದುಹೋಗಿತ್ತು. ಈ ಗಿರಾಕಿಯೂ ವರ್ಷಗಟ್ಟಲೆ ಇದೇ ಕುರ್ಚಿಗೆ ಬಂದವನು. ಅವನ ಬಗ್ಗೆ ಮೌನಿಗೆ ಗೊತ್ತಿದ್ದದ್ದು ಗದ್ದದ ಮೇಲಿನ ಒಂದು ಮಚ್ಚೆ ಮಾತ್ರ. ಮೌನಿ ಬಿಗಿ ಹಿಡಿದ, ಹಿಡಿದೆನೆಂದುಕೊಂಡ. ಕತ್ತಿ ಇಡುತ್ತ ಕೇಳಿದ:

"ಸಾರ್, ನಿಮಗೆ ಮಕ್ಕಳೆಷ್ಟು?"