ಎದೆಯಲ್ಲಿ ಏನೂ ಇಲ್ಲವಂತೆ

ನನಗೆ ಹೃದಯದ ಕಾಯಿಲೆ ಇಲ್ಲವೆಂದು ತಿಳಿದ ದಿನ ಸ್ವಲ್ಪ ಬೇಸರವಾಯಿತು. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಎದೆನೋವೆಂದು ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದಾಗ ಆಳಂದದ ನಮ್ಮ ಓಣಿಗೆ ಓಣಿಯೇ ನೋಡಲು ಬಂದಿತ್ತು. ನಾನು ಜೇವರ್ಗಿ ಕಡೆಯವನು, ಇಲ್ಲಿನ ಕಾಲೇಜಿನ ಗ್ರಂಥಪಾಲಕ, ಒಂಟಿ ಮನುಷ್ಯ. ನನ್ನನ್ನು ಇಷ್ಟು ಜನ ಬಲ್ಲರೆಂದು ನನಗೇ ಗೊತ್ತಿರಲಿಲ್ಲ. ಬಾಳೆಹಣ್ಣು, ಬಿಸ್ಕೀಟು, ಜೊತೆಗೆ ಇದೇ ನೋವಿನಿಂದ ತೀರಿಕೊಂಡ ತಮ್ಮ ಸೋದರಮಾವಂದಿರ ಕಥೆ, ಎಲ್ಲವನ್ನೂ ತಂದರು. ನಾನು ಸುಖವಾಗಿ ನರಳಿದೆ. ಕೊನೆಗೆ ಡಾಕ್ಟರು ರಿಪೋರ್ಟು ನೋಡಿ, "ಎದ್ಯಾಗ ಏನೂ ಇಲ್ರಿ ಸರ, ಮನಸಿಗಿ ಹಚ್ಚಿಕೊಂಡೀರಿ" ಎಂದರು. ಓಣಿಯವರು "ಗ್ಯಾಸ್ ಇರಬೇಕು ಬಿಡ್ರಿ" ಎಂದು ತೀರ್ಮಾನಿಸಿದರು. ಗ್ಯಾಸ್ ಆದವನಿಗೆ ಯಾರೂ ಬಾಳೆಹಣ್ಣು ತರುವುದಿಲ್ಲ. ಜನ ಬರುವುದು ನಿಂತಿತು, ನೋವು ನಿಲ್ಲಲಿಲ್ಲ.

ಕನ್ನಡದವರ ಎದೆಯೇ ವಿಚಿತ್ರ. ಅದು ಒಡೆಯುತ್ತದೆ, ಝಲ್ಲೆನ್ನುತ್ತದೆ, ಭಾರವಾಗುತ್ತದೆ, ಉಬ್ಬುತ್ತದೆ. ಧೈರ್ಯಕ್ಕೂ ನಾವು ಎದೆಗಾರಿಕೆ ಎನ್ನುತ್ತೇವೆ. ಒಂದೇ ಕೋಣೆಯಲ್ಲಿ ಇಷ್ಟೊಂದು ಸಂಸಾರ ಹೂಡಿದ ಮೇಲೆ, ಒಳಗೆ ಗಲಾಟೆ ಯಾರದೆಂದು ಇಸಿಜಿ ಯಂತ್ರ ಪಾಪ ಹೇಗೆ ಹೇಳೀತು?

ಡಾಕ್ಟರೇ ಆನ್‌ಲೈನಿನಲ್ಲಿ ಒಬ್ಬ ಮನಃಶಾಸ್ತ್ರಜ್ಞೆಯನ್ನು ಗೊತ್ತುಮಾಡಿಕೊಟ್ಟರು. ಪ್ರತಿ ಬುಧವಾರ ನಾಲ್ಕು ಗಂಟೆಗೆ ಮೊಬೈಲಿನಲ್ಲಿ ಬರುತ್ತಾಳೆ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಮೊದಲ ದಿನ, "ಸರ್, ಯಾರಿಗೂ ಕೇಳಿಸದ ಜಾಗದಲ್ಲಿ ಕೂತ್ಕೊಳ್ಳಿ" ಎಂದಳು. ನಗು ಬಂತು. ನಮ್ಮ ಮನೆಯಲ್ಲಿ ಇರುವುದೆಲ್ಲ ಅಂಥ ಜಾಗವೇ. ನೋವು ಬಂದಾಗ ಎಷ್ಟು ಹೊತ್ತು, ಏನು ಮಾಡುತ್ತಿದ್ದೆ, ಯಾರ ಜೊತೆ ಇದ್ದೆ ಎಂದು ಬರೆದಿಡಲು ಹೇಳಿದಳು. ಗ್ರಂಥಪಾಲಕನಿಗೆ ಇದಕ್ಕಿಂತ ಪ್ರಿಯವಾದ ಕೆಲಸ ಉಂಟೇ? ಗೆರೆ ಹೊಡೆದು ಬರೆದೆ. ಮುಂದಿನ ವಾರ ನೋಡಿ, "ಯಾರ ಜೊತೆ ಅನ್ನೋದನ್ನ ಬರೆಯೋಕೆ ಮರ್ತಿದ್ದೀರಿ ಸರ್" ಎಂದಳು.

"ಮರ್ತಿಲ್ಲವ್ವಾ" ಎಂದೆ.

ನೆಟ್‌ವರ್ಕ್ ಹೋದರೆ ಚೆನ್ನಾಗಿತ್ತು ಅನ್ನಿಸಿತು, ಹೋಗಲಿಲ್ಲ.

ಆ ದಿನ ಅವಳು ಹೊಸ ಮದ್ದು ಹೇಳಿದಳು. ಇನ್ನು ನೋವು ಬಂದರೆ ನಾಡಿ ಹಿಡಿದು ಕೂಡಬಾರದು. ಎದ್ದು ಹೋಗಿ ಒಬ್ಬರನ್ನು ಮಾತನಾಡಿಸಬೇಕು, ಎದೆಯ ಸುದ್ದಿ ಎತ್ತಬಾರದು. ಭಾನುವಾರ ಮಧ್ಯಾಹ್ನ ನೋವು ಬಂತು. ಪಕ್ಕದ ಮನೆಯ ದರ್ಜಿ ಶರಣಪ್ಪನವರ ಬಾಗಿಲಿಗೆ ಹೋಗಿ ನಿಂತೆ.

"ಯಾಕ್ರಿ ಸರ, ಮತ್ತ ಎದಿ ನೋಯಾಕತ್ತದೇನ್ರಿ?" ಅವರು ಗಾಬರಿಯಾದರು.

ಹೌದೆಂದರೆ ಸಾಕಿತ್ತು. ಖುರ್ಚಿ ಬರುತ್ತದೆ, ನೀರು ಬರುತ್ತದೆ, ಸಂಜೆಯೊಳಗೆ ಓಣಿಯೂ ಬರುತ್ತದೆ. ಸುಳ್ಳೂ ಅಲ್ಲ.

"ಅದಕ್ಕಲ್ರಿ. ಒಬ್ಬಾವನ ಕುಂತು ಕುಂತು ಬ್ಯಾಸರ ಆಗ್ಯಾದ. ಮಾತಾಡಬೇಕಂತ ಬಂದೀನಿ" ಎಂದೆ. ಐವತ್ತೆರಡು ವರ್ಷಕ್ಕೆ ಮೊದಲ ಸಲ ಆಡಿದ ಮಾತು, ಕಿವಿ ಬಿಸಿಯಾದವು.

ಶರಣಪ್ಪನವರು ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದು, ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲಿನ ಬಟ್ಟೆ ತೆಗೆದರು. "ಮೊದಲ ಹೇಳಬಾರ್ದೇನ್ರಿ? ನೀವು ಓದೋ ಮಂದಿ, ಸಪ್ಪಳ ಆಗಬಾರ್ದಂತ ಮಷೀನ ಸೈತ ಈ ಹಿಂದಿನ ಖೋಲ್ಯಾಗ ತಂದು ಇಟ್ಟೀನಿ. ಹತ್ತು ವರ್ಷ ಆತು."

ಹತ್ತು ವರ್ಷ ನಾನು ಯಾರಿಗೂ ಬೇಡದವನೆಂದು ಕೊರಗಿದ್ದೆ. ಅವರು ನನಗೆ ಮರ್ಯಾದೆ ಕೊಡುತ್ತಿದ್ದರು.

ನೋವು ಹೋಯಿತೇ ಎಂದು ಕೇಳುತ್ತೀರಿ. ಹೋಗಲಿಲ್ಲ. ಆದರೆ ಶರಣಪ್ಪನವರು ಭೂಸನೂರಿನ ಕಾರ್ಖಾನೆಯಲ್ಲಿರುವ ತಮ್ಮ ಅಳಿಯನ ಗುಣಗಾನ ಸುರು ಮಾಡಿದ್ದರು. ನೋವನ್ನು ವಿಚಾರಿಸಿಕೊಳ್ಳಲು ನನಗೆ ಪುರಸೊತ್ತೇ ಆಗಲಿಲ್ಲ.