ಅವ್ವನ ಬೆರಳಿನ ಎರಡು ಗುರುತು

ನಾನು ಚಿಕ್ಕವನಿದ್ದಾಗ ಒಂದು ಕಡೆ ಕೂತವನೇ ಅಲ್ಲ. ಕಾಲು ಸುಮ್ಮನಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಶೀಳನೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಏನಾದರೂ ಚೆಲ್ಲಿದರೆ, ಮುರಿದರೆ ಜನ ಮೊದಲು ಹುಡುಕುತ್ತಿದ್ದುದು ನನ್ನನ್ನೇ. ಆ ಕೈ ಒಮ್ಮೆ ಅವ್ವನ ಓಟನ್ನೇ ಕಳೆಯುವುದರಲ್ಲಿತ್ತು. ಮಕ್ಕಳೇ, ಆ ದಿನ ನೆನೆದರೆ ನನಗೆ ಈಗಲೂ ಬೆವರು ಬರುತ್ತದೆ.

ಅದು ಆಲೆಮನೆಗಳು ಉರಿಯುವ ಕಾಲ. ಊರೆಲ್ಲ ಬಿಸಿ ಬೆಲ್ಲದ ವಾಸನೆ. ಚುನಾವಣೆ ಬಂದಿತ್ತು, ಆದರೆ ಅವ್ವ ಅದುವರೆಗೆ ಓಟು ಹಾಕಿದವಳೇ ಅಲ್ಲ. ಹಿಂದೊಮ್ಮೆ ಪಟ್ಟಿ ಬರೆಯುವವರು ಬಂದಾಗ ಅಪ್ಪ ಜಗಲಿಯಲ್ಲಿ ಕೂತು ತನ್ನ ಹೆಸರು ಹೇಳಿ, ಜೊತೆಗೆ ಹೆಂಡತಿ ಒಬ್ಬಳಿದ್ದಾಳೆ ಎಂದಿದ್ದ, ಅಷ್ಟೇ. ಹೆಸರಿಲ್ಲದ ಹೆಂಡತಿಯನ್ನು ಅವರು ಪಟ್ಟಿಯಿಂದ ಬಿಟ್ಟುಬಿಟ್ಟಿದ್ದರು. ಈ ಸಲ ಅಕ್ಕ ಬಾಗಿಲಿಗೆ ಅಡ್ಡ ನಿಂತು ಅವ್ವನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಸಿದ್ದಳು. ಅವ್ವನಿಗೆ ಓಟು ಹಾಕುವುದರ ಮೇಲೆ ಎಷ್ಟು ಆಸೆ ಎಂದರೆ, ರಾಗಿ ಬೀಸುವಾಗಲೂ ಅದೇ ಮಾತು.

ಓಟಿನ ಹಿಂದಿನ ಸಂಜೆ ಅಕ್ಕ ಅವ್ವನಿಗೆ ಪಾಠ ಮಾಡಿದಳು. ಹಳೆಯ ಕಾಗದವೇ ಮತಪತ್ರ, ಬದನೆಕಾಯಿ ತೊಟ್ಟೇ ಮುದ್ರೆ, ರಾಗಿ ಅಳೆಯುವ ಸೇರೇ ಪೆಟ್ಟಿಗೆ. ಬೆರಳಿಗೆ ಗುರುತು ಹಾಕುವ ಅಧಿಕಾರಿ ನಾನು. ಇದ್ದಿಲು ಸಾಕು ಎಂದಳು ಅಕ್ಕ. ಇದ್ದಿಲು ಅಳಿಸಿಹೋಗುತ್ತದಲ್ಲ, ಅದೆಂಥ ಗುರುತು ಎಂದು ನನಗನ್ನಿಸಿತು. ಕೊಟ್ಟಿಗೆಯ ಗೂಡಿನಲ್ಲಿ ಕರಿಗೇರಿನ ಬೀಜವಿತ್ತು. ಮಡಿವಾಳರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದುದು ಅದರ ರಸದಿಂದಲೇ. ಮುಳ್ಳಿನಿಂದ ಚುಚ್ಚಿ ಮೊದಲು ನನ್ನ ಎಡಗೈ ತೋರುಬೆರಳಿಗೆ ಬಳಿದುಕೊಂಡೆ, ಆಮೇಲೆ ಅವ್ವನ ಬೆರಳಿಗೆ. ಮಬ್ಬು ಬೆಳಕಿನಲ್ಲಿ ಯಾರೂ ಗಮನಿಸಲಿಲ್ಲ. ನೀವು ಮಾತ್ರ ಅದನ್ನು ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ.

ಬೆಳಿಗ್ಗೆ ಎದ್ದರೆ ನನ್ನ ಬೆರಳು ಕಪ್ಪಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದು ಉರಿಯುತ್ತಿತ್ತು. ಅವ್ವನದೂ ಹಾಗೆಯೇ ಆಗಿತ್ತು. ಅವಳು ಬೂದಿ ಹಾಕಿ, ಹುಣಿಸೆಹಣ್ಣು ಹಾಕಿ ತಿಕ್ಕಿ, ಹೋಗದಿದ್ದಾಗ ಇದ್ದಿಲನ್ನೇ ಬೈದು ಸುಮ್ಮನಾದಳು. ಅಕ್ಕ ಆಗಲೇ ದನ ಹೊಡೆದುಕೊಂಡು ಹೋಗಿದ್ದಳು. ಗುರುತಿರುವವರು ಮತ್ತೆ ಓಟು ಹಾಕುವಂತಿಲ್ಲ ಎಂದು ಮೇಷ್ಟ್ರು ಹೇಳಿದ್ದು ಆಗ ನನಗೆ ನೆನಪಾಯಿತು. ಹೇಳಿದರೆ ಅಪ್ಪನ ಹುಣಿಸೆ ಬರಲಿನ ಏಟು ಬೆನ್ನ ಮೇಲೆ ಬೀಳುತ್ತಿತ್ತು. ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅವ್ವನ ಹಿಂದೆ ಪಕ್ಕದೂರಿನ ಶಾಲೆಯವರೆಗೂ ನಡೆದೆ.

ಹೆಂಗಸರ ಸಾಲು ಉದ್ದವಿತ್ತು. ಹೊಸ ಸೀರೆಯುಟ್ಟ ಅವ್ವ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ನಾನು ಹೊಂಗೆಮರ ಸುತ್ತಿ ಬಂದೆ, ನೀರು ಕುಡಿದು ಬಂದೆ, ಮತ್ತೆ ಮರ ಸುತ್ತಿದೆ. ಹೇಳಿಬಿಡೋಣ ಎಂದು ಎರಡು ಸಲ ಅವಳ ಸೆರಗು ಹಿಡಿದೆ, ಎರಡು ಸಲವೂ ಬಿಟ್ಟೆ. ಕೊನೆಗೆ ಅವಳ ಸರದಿ ಬಂತು, ನಾನೂ ನುಸುಳಿ ಒಳಗೆ ಹೋದೆ.

ಅಧಿಕಾರಿ ಬೆರಳು ನೋಡಿದವರೇ ಶಾಯಿ ಕಡ್ಡಿ ಕೆಳಗಿಟ್ಟರು. "ಗುರುತು ಇದೆಯಲ್ಲಮ್ಮ. ಒಂದು ಸಲ ಹಾಕಿದ ಮೇಲೆ ಮುಗೀತು."

"ನಾನೆಲ್ಲಿ ಆಕಿವ್ನಿ ಸ್ವಾಮಿ? ಈಗ್ತಾನೆ ಬತ್ತಾ ಇವ್ನಿ" ಎಂದಳು ಅವ್ವ. ಹಿಂದಿನವರು ಗುಸುಗುಸು ಶುರುಮಾಡಿದರು. ಕಳ್ಳ ಓಟಿಗೆ ಬಂದವಳು ಎಂಬ ಮಾತು ನನ್ನ ಕಿವಿಗೂ ಬಿತ್ತು. ಅವ್ವ ತಲೆ ತಗ್ಗಿಸಿ ಹೊರಗೆ ತಿರುಗಿದಳು.

ಅದನ್ನು ನೋಡಲು ನನ್ನಿಂದಾಗಲಿಲ್ಲ. ಮುಷ್ಟಿ ಬಿಚ್ಚಿ ಮೇಜಿನ ಮೇಲಿಟ್ಟೆ. "ನಾನೇ ಬಳ್ದಿದ್ದು ಸಾ, ಕರಿಗೇರು. ನನ್ ಬೆರಳ್ನಲ್ಲೂ ಅದೆ ನೋಡಿ."

ಅವರು ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅದೇ ಕಪ್ಪು, ಅದೇ ಗುಳ್ಳೆ. ಒಂಬತ್ತು ವರ್ಷದವನಿಗೆ ಓಟು ಕೊಟ್ಟವರು ಯಾರು ಎಂದು ಅಧಿಕಾರಿ ಕೇಳಿದಾಗ ಬೆಂಚಿನ ಮೇಲಿದ್ದ ಪಕ್ಷಗಳ ಏಜೆಂಟರೆಲ್ಲ ನಕ್ಕರು. ಪಟ್ಟಿಯಲ್ಲಿ ಅವ್ವನ ಹೆಸರಿನ ಮುಂದೆ ಓಟು ಹಾಕಿದ ಗೆರೆ ಬಿದ್ದಿರಲಿಲ್ಲ. ಏಜೆಂಟರಲ್ಲಿ ಯಾರೂ ತಕರಾರು ಮಾಡಲಿಲ್ಲ. ಹೆಸರು ಹೇಳಿ ಎಂದಾಗ ಅವ್ವ ಗಟ್ಟಿಯಾಗಿ ಹೇಳಿದಳು. ಅವಳ ಹೆಸರನ್ನು ಅಷ್ಟು ದೊಡ್ಡ ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಪ್ಪು ಗುರುತಿನ ಪಕ್ಕದಲ್ಲೇ ಶಾಯಿ ಹಾಕಿಸಿಕೊಂಡು ಅವಳು ಓಟು ಹಾಕಿ ಬಂದಳು.

ಮನೆಯ ದಾರಿಯಲ್ಲಿ ಅವಳು ನನ್ನ ಬೆರಳನ್ನು ಹಿಡಿದು ನೋಡಿದಳು. ಆಮೇಲೆ, "ಬಳ್ದಿದ್ದು ಓಗ್ಲಿ ಬುಡು. ಒತ್ತಾರೇನೆ ಯಾಕ್ಲಾ ಬಾಯಿ ಬುಡ್ನಿಲ್ಲ?" ಎಂದಳು. ಅಪ್ಪನ ಬರಲಿಗಿಂತ ಆ ಮಾತೇ ನನಗೆ ಹೆಚ್ಚು ಉರಿಯಿತು.

ನಿಮ್ಮ ಶಾಲೆಯಲ್ಲಿ ನಾಯಕನನ್ನು ಆರಿಸಲು ಮೊಬೈಲು ಒತ್ತಿದರೆ ಮುಗಿಯಿತು. ನಿಮ್ಮ ಅಮ್ಮನ ಹೆಸರು, ಫೋಟೋ ಎರಡೂ ಪಟ್ಟಿಯಲ್ಲಿವೆ, ಅದಕ್ಕಾಗಿ ಯಾರೂ ಬಾಗಿಲಿಗೆ ಅಡ್ಡ ನಿಲ್ಲಬೇಕಾಗಲಿಲ್ಲ. ಆದರೂ ಹೋದ ಚುನಾವಣೆಯ ದಿನ ಬಿಸಿಲು ಇಳಿಯಲಿ ಎಂದು ಮನೆಯವರೆಲ್ಲ ಟಿವಿ ಮುಂದೆ ಕೂತಾಗ ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೂ ಗೇಟಿಗೂ ಓಡಾಡಿದೆ. ತಾತನಿಗೆ ಯಾಕಿಷ್ಟು ಅವಸರ ಎಂದು ನೀವು ನಕ್ಕಿರಿ. ನನ್ನ ಬೆರಳು ನೋಡಿ, ಸುಟ್ಟ ಕಲೆ ಇನ್ನೂ ಇದೆ. ಅವ್ವನ ಬೆರಳಿನಲ್ಲೂ ಕೊನೆಯವರೆಗೆ ಇತ್ತು. ಪ್ರತಿ ಚುನಾವಣೆಯಲ್ಲೂ ಶಾಯಿ ಹಾಕುವವರ ಮುಂದೆ ಕೈ ಚಾಚಿ ಅವಳು ಹೇಳುತ್ತಿದ್ದಳು, "ಇದು ನನ್ ಮಗ ಆಕಿದ್ದು ಸ್ವಾಮಿ. ನಿಮ್ದು ಪಕ್ಕದಾಗೆ ಆಕಿ."